ಎಲ್ಲಮ್ಮನ ಕಥೆಯ ಮೂರನೆಯ ಪಾಲು

ಮೂರು ಸಂಪುಟದ ಕಾದಂಬರಿ ಬರೆಯುವವರಿಗೆ ಕಂಟಕವೆಲ್ಲ ಮೂರನೆಯದರಲ್ಲೇ. ಮೊದಲ ಸಂಪುಟದಲ್ಲಿ ಒಂದು ಲೋಕ ಕಟ್ಟಿ ಓದುಗನನ್ನು ಒಳಗೆ ಕರೆದುಕೊಂಡರಾಯಿತು. ಎರಡನೆಯದರಲ್ಲಿ ಅದನ್ನು ಕೆಡವಿದರೂ ಯಾರೂ ಕೇಳುವುದಿಲ್ಲ. ಕೊನೆಯದರಲ್ಲಿ ಮಾತ್ರ ಲೆಕ್ಕ ಒಪ್ಪಿಸಲೇಬೇಕು. ಸತ್ತವರು ಯಾಕೆ ಸತ್ತರು, ಉಳಿದವರು ಆ ನೆನಪು ಹೊತ್ತು ಹೇಗೆ ಬಾಳಬೇಕು ಎಂದು ಓದುಗ ಎದುರು ಕೂತು ಕೇಳುತ್ತಾನೆ.

ಕತ್ತಲೆ, ಕಾಮ, ಮಾಟ ಮೂರನ್ನೂ ಬೆರೆಸಿದ ಫ್ಯಾಂಟಸಿಗೆ ಇಂಗ್ಲಿಷಿನಲ್ಲಿ ದೊಡ್ಡ ಓದುಗ ಬಳಗವಿದೆ. ಅಮೆರಿಕದ ಆ್ಯನ್ ಬಿಷಪ್ ಬರೆದ 'ಬ್ಲ್ಯಾಕ್ ಜ್ಯುವೆಲ್ಸ್' ಅಂಥದ್ದು. ಮೊದಲ ಸಂಪುಟ 1998ರಲ್ಲಿ ಬಂತು, ಮೂರನೆಯದಾದ 'ಕ್ವೀನ್ ಆಫ್ ದಿ ಡಾರ್ಕ್‌ನೆಸ್' 2000ದಲ್ಲಿ. ಹೆಂಗಸರೇ ಆಳುವ ಲೋಕ ಅದು. ಕೊನೆಗೆ ಅಲ್ಲಿನ ರಾಣಿ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸುರಿದು ಕೆಟ್ಟದ್ದನ್ನು ತೊಳೆಯುತ್ತಾಳೆ, ಅದಕ್ಕೆ ಬೆಲೆಯನ್ನೂ ಅವಳೇ ತೆರುತ್ತಾಳೆ. ಧಾರವಾಡ, ಬೆಳಗಾವಿಯ ಕಾಲೇಜು ಹುಡುಗಿಯರು ಇಂಥ ಪುಸ್ತಕಗಳನ್ನು ಮೊಬೈಲಿನಲ್ಲೇ ಓದಿ ಮುಗಿಸುತ್ತಾರೆ. ಓದಲಿ. ಆದರೆ ಅವರಲ್ಲಿ ಎಷ್ಟೋ ಮಂದಿಯ ಅಜ್ಜಿಯರು ಇದಕ್ಕಿಂತ ಕಪ್ಪಾದ, ಇದಕ್ಕಿಂತ ಮೈಬಿಸಿಯ ಕಥೆಯೊಂದನ್ನು ಚೌಡಿಕೆ ವಾದ್ಯದ ಸದ್ದಿನಲ್ಲಿ ಕೇಳಿ ಬೆಳೆದವರು. ಆ ಕಥೆ ನಡೆದದ್ದು ಸವದತ್ತಿಯ ಪಕ್ಕದ ಗುಡ್ಡದಲ್ಲಿ. ಅದಕ್ಕೂ ಮೂರು ಪಾಲು. ಮೂರನೆಯ ಪಾಲು ಹೇಗೆ ಮುಗಿಯಬೇಕೆಂಬ ಜಗಳ ಇನ್ನೂ ತೀರಿಲ್ಲ.

ಮೊದಲ ಪಾಲು ಎಲ್ಲರಿಗೂ ಗೊತ್ತು. ರಾಜನ ಮಗಳು ರೇಣುಕೆ, ಅಂದರೆ ನಮ್ಮ ಎಲ್ಲಮ್ಮ, ಋಷಿ ಜಮದಗ್ನಿಯ ಕೈಹಿಡಿಯುತ್ತಾಳೆ. ದಿನಾ ನಸುಕಿನಲ್ಲಿ ಮಲಪ್ರಭೆಗೆ ಹೋಗಿ ಹಸಿ ಉಸುಕಿನಲ್ಲೇ ಕೊಡ ಮಾಡುತ್ತಾಳೆ, ಹಾವನ್ನು ಸುತ್ತಿ ಸಿಂಬಿ ಮಾಡಿ ತಲೆಮೇಲಿಟ್ಟು ನೀರು ಹೊತ್ತು ತರುತ್ತಾಳೆ. ಕೊಡ ಒಡೆಯುವುದಿಲ್ಲ, ಹಾವು ಕಚ್ಚುವುದಿಲ್ಲ. ಒಂದು ದಿನ ಹೊಳೆಯಲ್ಲಿ ಗಂಧರ್ವ ತನ್ನ ಹೆಂಗಸರೊಡನೆ ನೀರಾಟವಾಡುತ್ತಿರುತ್ತಾನೆ. ಮಹಾಭಾರತದ ವನಪರ್ವ ಅವನನ್ನು ಚಿತ್ರರಥನೆಂಬ ರಾಜ ಎನ್ನುತ್ತದೆ. ರೇಣುಕೆ ನೋಡುತ್ತಾಳೆ. ಅಷ್ಟೇ. ಮುಟ್ಟಿಲ್ಲ, ಮಾತಾಡಿಲ್ಲ, ಒಂದು ನೋಟ, ಆ ನೋಟದ ಹಿಂದೆ ಒಂದು ಆಸೆ. ಉಸುಕು ಕೊಡವಾಗುವುದಿಲ್ಲ. ಹಾವು ಸಿಂಬಿ ಬಿಚ್ಚಿ ಸರಿದುಹೋಗುತ್ತದೆ.

ಹೆಣ್ಣಿನ ಮನಸ್ಸಿನಲ್ಲಿ ಎದ್ದ ಆಸೆಯನ್ನು ಇಷ್ಟು ಸಣ್ಣ ವಿವರದಲ್ಲಿ, ಇಷ್ಟು ಭಯಂಕರವಾಗಿ ಹೇಳಿದ ದೃಶ್ಯ ನಮ್ಮ ಪುರಾಣಗಳಲ್ಲಿ ಮತ್ತೊಂದಿದೆಯೆಂದು ನನಗೆ ಅನಿಸುವುದಿಲ್ಲ. ಶೃಂಗಾರ ಒಂದೇ ಒಂದು ಸಾಲಿನಷ್ಟು, ಅದರ ಬೆಲೆ ಜನ್ಮಪೂರ್ತಿ.

ಎರಡನೆಯ ಪಾಲಿನಲ್ಲಿ ಶಾಪ. ಬರಿಗೈಯಲ್ಲಿ ಬಂದ ಹೆಂಡತಿಯನ್ನು ಜಮದಗ್ನಿ ಹೊರದಬ್ಬುತ್ತಾನೆ, ಅವಳ ಮೈಗೆ ಕುಷ್ಠ ಹತ್ತುತ್ತದೆ. ಅಡವಿಯಲ್ಲಿ ಎಕ್ಕಯ್ಯ, ಜೋಗಯ್ಯ ಎಂಬ ಇಬ್ಬರು ಸಾಧುಗಳು ಸಿಗುತ್ತಾರೆ. ಅವರ ಮಾತಿನಂತೆ ಕೆರೆಯಲ್ಲಿ ಮಿಂದು, ಅರಿಶಿಣ ಹಚ್ಚಿಕೊಂಡು, ಬುಟ್ಟಿ ಹಿಡಿದು ಮನೆಮನೆ ಜೋಗ ಬೇಡುತ್ತಾಳೆ. ಮೈ ತಿಳಿಯಾಗುತ್ತದೆ. ಇಂದಿಗೂ ಗುಡ್ಡ ಹತ್ತುವ ಮೊದಲು ಭಕ್ತರು ಜೋಗುಳಬಾವಿಯಲ್ಲಿ ಮಿಂದು ಅಲ್ಲಿಯ ಸತ್ಯಮ್ಮನಿಗೆ ಕೈಮುಗಿದೇ ಮುಂದೆ ಹೋಗುವುದು. ಮೈ ಶುದ್ಧವಾದರೂ ಗಂಡನ ಸಿಟ್ಟು ಇಳಿಯುವುದಿಲ್ಲ. ತಾಯಿಯ ತಲೆ ಕಡಿಯಿರಿ ಎಂದು ಮಕ್ಕಳಿಗೆ ಹೇಳುತ್ತಾನೆ. ನಾಲ್ವರು ಒಲ್ಲೆ ಎನ್ನುತ್ತಾರೆ, ಶಾಪ ಹೊರುತ್ತಾರೆ. ಐದನೆಯವನು ಪರಶುರಾಮ, ಕೊಡಲಿ ಎತ್ತುತ್ತಾನೆ.

ಇನ್ನು ಮೂರನೆಯದು. ಇಲ್ಲಿ ಪುರಾಣ ಒಂದು ದಾರಿ ಹಿಡಿಯುತ್ತದೆ, ಗುಡ್ಡ ಇನ್ನೊಂದು.

ಮಹಾಭಾರತದಲ್ಲಿ ಮೆಚ್ಚಿದ ತಂದೆ ವರ ಕೇಳೆನ್ನುತ್ತಾನೆ. ಪರಶುರಾಮ ಕೇಳುವ ವರಗಳನ್ನು ಸಾವಧಾನವಾಗಿ ಓದಬೇಕು. ತಾಯಿ ಬದುಕಿ ಬರಲಿ, ತನ್ನನ್ನು ಕೊಂದದ್ದು ಅವಳಿಗೆ ನೆನಪಿರದಿರಲಿ, ನನಗೆ ಪಾಪ ತಟ್ಟದಿರಲಿ, ಅಣ್ಣಂದಿರು ಸರಿಯಾಗಲಿ, ಯುದ್ಧದಲ್ಲಿ ನನಗೆ ಎದುರಿಲ್ಲದಿರಲಿ. ಎದ್ದು ಬಂದ ರೇಣುಕೆಗೆ ಏನೂ ಗೊತ್ತಿಲ್ಲ. ಅಲ್ಲಿಂದ ಕಥೆ ಗಂಡಸರ ಕೈಗೆ ಹೋಗುತ್ತದೆ. ಕ್ಷತ್ರಿಯ ರಾಜ ಕಾರ್ತವೀರ್ಯನ ಕಡೆಯವರು ಜಮದಗ್ನಿಯನ್ನು ಕೊಲ್ಲುತ್ತಾರೆ, ಪರಶುರಾಮ ಇಪ್ಪತ್ತೊಂದು ಸಲ ಕ್ಷತ್ರಿಯರನ್ನು ಸವರಿ ರಕ್ತದ ಮಡುಗಳನ್ನು ತುಂಬುತ್ತಾನೆ. ಯಾರ ಹೆಸರಿನಲ್ಲಿ ಕಥೆ ಶುರುವಾಯಿತೋ ಅವಳು ಕೊನೆಯ ಪುಟಗಳಲ್ಲಿ ಇಲ್ಲವೇ ಇಲ್ಲ. ಒಳ್ಳೆಯ ಸಂಪಾದಕನಿದ್ದಿದ್ದರೆ ಹಸ್ತಪ್ರತಿ ವಾಪಸ್ ಕಳಿಸುತ್ತಿದ್ದ!

ಗುಡ್ಡ ಈ ಮರೆವಿನ ವರಕ್ಕೆ ಒಪ್ಪಲಿಲ್ಲ. ಇಲ್ಲಿ ಕೊನೆಯ ಪಾಲನ್ನು ಪ್ರತಿವರ್ಷ ಆಡಿ ತೋರಿಸುತ್ತಾರೆ, ಅದೂ ಅವಳ ಮೈಮೇಲೆ ನಡೆದದ್ದನ್ನೇ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆ ನಮ್ಮ ಕಡೆ ರಂಡಿ ಹುಣ್ಣಿಮೆ. ಜಮದಗ್ನಿ ಸತ್ತ ದಿನವೆಂದು ಅಂದು ಎಲ್ಲಮ್ಮನ ಸೇವೆಗೆ ನಿಂತ ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ನಡುವೆ ಬನದ ಹುಣ್ಣಿಮೆ. ಮಾಘದ ಭಾರತ ಹುಣ್ಣಿಮೆಗೆ ಅವಳು ಮತ್ತೆ ಮುತ್ತೈದೆ, ಹಸಿರು ಬಳೆ ಮತ್ತೆ ಕೈಗೇರುತ್ತವೆ. ತಲೆ ಹೋದದ್ದು, ಮೈ ಕೊಳೆತದ್ದು, ಗಂಡ ಸತ್ತದ್ದು, ಯಾವುದನ್ನೂ ಮುಚ್ಚಿಡುವುದಿಲ್ಲ. ಗುಡ್ಡದ ಮೇಲೆ ಎಲ್ಲಮ್ಮ ಒಬ್ಬಳೇ ಇಲ್ಲ. ಪರಶುರಾಮನಿದ್ದಾನೆ, ಎಕ್ಕಯ್ಯ ಜೋಗಯ್ಯರಿದ್ದಾರೆ, ಮಾತಂಗಿ ಇದ್ದಾಳೆ. ಕೊಂದವನ ಗುಡಿಯೂ ಕಾಯ್ದವರ ಗುಡಿಯೂ ಒಂದೇ ಆವರಣದಲ್ಲಿ. ಇದನ್ನು ಕ್ಷಮೆ ಎನ್ನಬೇಕೋ ಸಾಕ್ಷಿ ಎನ್ನಬೇಕೋ ನೋಡುವವರೇ ಹೇಳಬೇಕು. ನನ್ನ ಮಟ್ಟಿಗೆ ಅದು ಸಾಕ್ಷಿ.

ಹುಣ್ಣಿಮೆಯ ಹಿಂದುಮುಂದಿನ ದಿನಗಳಲ್ಲಿ ಬೈಲಹೊಂಗಲ, ರಾಮದುರ್ಗ, ಕಿತ್ತೂರಿನಿಂದಲೂ, ಅತ್ತ ಕೊಲ್ಲಾಪುರದಿಂದಲೂ ಬಂದ ಚಕ್ಕಡಿ, ಟ್ರ್ಯಾಕ್ಟರುಗಳು ಗುಡ್ಡದ ಬಯಲಲ್ಲಿ ಬಿಡಾರ ಹೂಡುತ್ತವೆ. ಮೂರು ಕಲ್ಲಿನ ಒಲೆ, ಹೋಳಿಗೆ, ಕಡಬು, ಬದನೆಕಾಯಿ ಪಲ್ಯ, ಭಕ್ಕರಿ. ಬೇಯಿಸಿದ್ದನ್ನು ಮನೆಯವರು ತಿನ್ನುವ ಮೊದಲು ಪಡ್ಡಲಗಿ ತುಂಬಿಸಬೇಕು. ಬಿದಿರ ಬುಟ್ಟಿಗಳನ್ನು ಸಾಲಾಗಿಟ್ಟು, ಒಂದೊಂದು ಪದಾರ್ಥವನ್ನೂ ಅದರೊಳಗೆ ಬಡಿಸಿ, ಭಂಡಾರ ತೂರಿ 'ಉಧೋ ಉಧೋ' ಎನ್ನುತ್ತಾರೆ. ಜೋಗತಿ ಬಂದು ಮುಂದೆ ಕೂರುತ್ತಾಳೆ. ಅಡವಿಯಲ್ಲಿ ಬುಟ್ಟಿ ಹಿಡಿದು ಬೇಡಿದ ಎರಡನೆಯ ಪಾಲಿನ ಹೆಂಗಸು ಮೂರನೆಯ ಪಾಲಿನಲ್ಲಿ ಬುಟ್ಟಿ ತುಂಬಿಸಿಕೊಳ್ಳುತ್ತಾಳೆ. ಚೌಡಿಕೆಯ ಒಂಟಿ ತಂತಿ ಮಿಡಿದು, ಗಂಟಲು ಬಿಚ್ಚಿ ಹಾಡು ಶುರುವಾದರೆ ಪಕ್ಕದ ಒಲೆಯ ಹೆಂಗಸರೂ ಸೌಟು ಹಿಡಿದುಕೊಂಡೇ ಬಂದು ನಿಲ್ಲುತ್ತಾರೆ. ನನ್ನ ಅಕ್ಕಪಕ್ಕದ ಹಿರಿಯರಲ್ಲಿ ಒಬ್ಬ ಅಜ್ಜಿ ಈ ಹಾಡಿನ ಮೊದಲರ್ಧಕ್ಕೆ ಅಳುತ್ತಿರಲಿಲ್ಲ. "ತಲಿ ಹೋದದ್ದಕ್ಕ ಏನ್ ಅಳೂದು ತಮ್ಮಾ, ತಲಿ ಹಚ್ಚಿದ ಮ್ಯಾಲೆ ಬಾಳೇ ಮಾಡೂದೈತಲ್ಲ, ಅದಕ್ಕ ಅಳಬೇಕು" ಎನ್ನುತ್ತಿದ್ದಳು.

ತಲೆ ಹಚ್ಚುವ ಮಾತು ಬಂದಾಗ ಒಂದು ವಿಚಿತ್ರ ನೆನಪಾಗುತ್ತದೆ. ತಮಿಳು, ತೆಲುಗು ಸೀಮೆಗಳಲ್ಲಿ ಈ ಕಥೆಗೆ ಇನ್ನೊಂದು ತಿರುವು ಉಂಟು. ಅವಸರದಲ್ಲಿ ಮಗ ತಾಯಿಯ ತಲೆಯನ್ನು ಕೆಳಜಾತಿಯ ಹೆಣ್ಣೊಬ್ಬಳ ಮುಂಡಕ್ಕೆ ಜೋಡಿಸುತ್ತಾನೆ. ಫ್ರೆಂಚ್ ಪ್ರವಾಸಿ ಸೊನೆರಾ ಅದನ್ನು ಕೇಳಿಕೊಂಡು ಹೋಗಿ 1782ರಲ್ಲಿ ಅಚ್ಚುಮಾಡಿದ ತನ್ನ ಪ್ರವಾಸಗ್ರಂಥದಲ್ಲಿ ಬರೆದ. ಜರ್ಮನ್ ಮಹಾಕವಿ ಗಯಟೆಯ ಕಣ್ಣಿಗೆ ಅದು ಬಿತ್ತು. ಸುಮಾರು 40 ವರ್ಷ ಅದನ್ನು ಮನಸ್ಸಿನಲ್ಲೇ ಹೊತ್ತು ತಿರುಗಿದ ಆತ ಕೊನೆಗೆ 'ಪರಿಯ' ಎಂಬ ಹೆಸರಿನಲ್ಲಿ ಬರೆದು 1824ರಲ್ಲಿ ಪ್ರಕಟಿಸಿದ. ಅದೂ ತ್ರಿವಳಿಯೇ: ಮೂರು ಕವಿತೆಗಳ ಸರಣಿ. ಅದೇ ವರ್ಷದ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಮಲಪ್ರಭೆಯ ಆಚೀಚೆಯ ಇಬ್ಬರು ಹೆಂಗಸರು ಒಂದೇ ವರ್ಷ, ಒಬ್ಬಳು ಯುರೋಪಿನಲ್ಲಿ ಕವಿತೆಯಾಗಿ, ಒಬ್ಬಳು ಇಲ್ಲಿ ಸುದ್ದಿಯಾಗಿ ಎದ್ದು ನಿಂತದ್ದು ನನಗೆ ಬಹಳ ಇಷ್ಟದ ಆಕಸ್ಮಿಕ.

ಗಯಟೆಯ ಸರಣಿಯ ನಡುವಿನ ಕವಿತೆಯಲ್ಲಿ ಕಥೆ ಇದೆ. ಅಲ್ಲಿ ಕೊಡವೇ ಇಲ್ಲ. ಆ ಹೆಣ್ಣು ಬರಿಗೈಯಲ್ಲಿ ನೀರನ್ನು ಎತ್ತಿದರೆ ಅದು ಹರಳಿನ ಗುಂಡಾಗುತ್ತದೆ. ನೀರಿನಲ್ಲಿ ದೇವಲೋಕದ ಯುವಕನ ಬಿಂಬ ಕಂಡ ದಿನ ನೀರು ನೀರಾಗಿಯೇ ಉಳಿಯುತ್ತದೆ. ತಲೆ ಕಡಿಯುವವನು ಗಂಡನೇ. ಮಗ ತಲೆ ಜೋಡಿಸುವಾಗ ಮೈ ತಪ್ಪುತ್ತದೆ. ಎದ್ದು ನಿಂತವಳು ಅರ್ಧ ಬ್ರಾಹ್ಮಣಿ, ಅರ್ಧ ಹೊಲತಿ, ಪೂರ್ತಿ ದೇವತೆ. ಅದಕ್ಕಿಂತ ದೊಡ್ಡ ಮಾತು ಸರಣಿಯ ಮೊದಲ ಮತ್ತು ಕೊನೆಯ ಕವಿತೆಗಳಲ್ಲಿದೆ. ಮೊದಲನೆಯದರಲ್ಲಿ ಅಸ್ಪೃಶ್ಯನೊಬ್ಬ ನಮಗೂ ಒಂದು ದೇವರನ್ನು ಕೊಡು ಎಂದು ಬೇಡುತ್ತಾನೆ, ಕೊನೆಯದರಲ್ಲಿ ಈ ದೇವತೆಯನ್ನು ಕೊಟ್ಟದ್ದಕ್ಕೆ ಧನ್ಯವಾದ ಹೇಳುತ್ತಾನೆ. ಸವದತ್ತಿಯನ್ನು ಎಂದೂ ಕಾಣದ ಆ ಮುದಿ ಕವಿಗೆ ಒಂದು ವಿಷಯ ಸರಿಯಾಗಿ ಹೊಳೆದಿತ್ತು. ಈ ಕಥೆಯ ಮೂರನೆಯ ಪಾಲು ಋಷಿಯದೂ ಅಲ್ಲ, ಕೊಡಲಿ ಹಿಡಿದ ಮಗನದೂ ಅಲ್ಲ, ಊರ ಹೊರಗೆ ನಿಂತವರದು. ಗುಡ್ಡಕ್ಕೆ ಬಂದು ನೋಡಿ, ದೇವಿಯ ಮೂರ್ತಿಯಿಟ್ಟ ಬುಟ್ಟಿ 'ಜಗ' ಹೊತ್ತು, ಕೊಡ ಹೊತ್ತು ಕುಣಿಯುವವರು ಯಾರು?

ಗಯಟೆಯ ಈ ಕವಿತೆಗಳನ್ನು ಬಲ್ಲ ಜರ್ಮನ್ ಕಾದಂಬರಿಕಾರ ಥಾಮಸ್ ಮಾನ್ ಬೇತಾಳ ಕಥೆಯೊಂದನ್ನು ಹಿಡಿದು 1940ರಲ್ಲಿ ತಲೆ ಅದಲುಬದಲಾದ ಕಥೆ ಬರೆದ. ಅದು ತಿರುಗಿ ನಮ್ಮಲ್ಲಿಗೇ ಬಂದು 1971ರಲ್ಲಿ ಗಿರೀಶ ಕಾರ್ನಾಡರ 'ಹಯವದನ'ವಾಯಿತು. ಅಲ್ಲಿ ತಲೆ ಕಡಿದುಕೊಳ್ಳುವವರು ಗಂಡಸರು, ಆರಿಸಿಕೊಳ್ಳುವವಳು ಪದ್ಮಿನಿ. ಆದರೂ ಕೊನೆಗೆ ಬೆಂಕಿಗೆ ಬೀಳುವವಳು ಅವಳೇ. ಕಾರ್ನಾಡರ ಜಾಣತನಕ್ಕೆ ನಮಸ್ಕಾರ. ಕೊನೆಯ ಅಂಕದ ಬಗ್ಗೆ ಮಾತ್ರ ನನ್ನ ತಕರಾರು ಉಳಿದೇ ಇದೆ.

ಬೈಲಹೊಂಗಲದ ಆಟವೊಂದರ ಬಗ್ಗೆಯೂ ನನಗೆ ಇದೇ ತಕರಾರು. ಸಂಗ್ಯಾ ಬಾಳ್ಯಾ ಈ ಊರಲ್ಲಿ ನಿಜವಾಗಿ ನಡೆದ ಕೊಲೆಯ ಮೇಲೆ ಹುಟ್ಟಿದ ಸಣ್ಣಾಟ, ಪತ್ತಾರ ಮಾಸ್ತರರು ಕಟ್ಟಿದ್ದೆಂದು ಪ್ರತೀತಿ. ಇದರಲ್ಲಿ ದೇವರಿಲ್ಲ, ಮಾಟವಿಲ್ಲ. ಇರುವುದು ಈರಣ್ಣನ ಹೆಂಡತಿ ಗಂಗಿಯ ಮೇಲೆ ಬಿದ್ದ ಸಂಗ್ಯಾನ ಕಣ್ಣು, ಜೀವದ ಗೆಳೆಯ ಬಾಳ್ಯಾನ ದ್ರೋಹ, ಕತ್ತಲಲ್ಲಿ ಹರಿದ ರಕ್ತ. ಚಂದ್ರಶೇಖರ ಕಂಬಾರರು ಇದನ್ನು ಸಂಪಾದಿಸಿ ಓದುಗರ ಕೈಗೂ ಹೊಸ ರಂಗಭೂಮಿಯ ಕೈಗೂ ಕೊಟ್ಟರು. ಸುಂದರಕೃಷ್ಣ ಅರಸ್ ಸಿನಿಮಾ ಮಾಡಿದರು. ರಾತ್ರಿ ಹತ್ತಕ್ಕೆ ಹಿಮ್ಮೇಳ ಏರಿದರೆ ಗಂಗಿ ಮೊದಲು ಒಲ್ಲೆ ಎನ್ನುವ, ಆಮೇಲೆ ಮನಸ್ಸು ಸಡಿಲಿಸುವ ಸಂವಾದಗಳಿಗೆ ಬರುವ ಸಿಳ್ಳೆ ಇನ್ಯಾವುದಕ್ಕೂ ಬರುವುದಿಲ್ಲ. ಬೆಳಗಿನ ಜಾವಕ್ಕೆ ಆಟ ಮುಗಿಯುವಾಗ ಮಾತೆಲ್ಲ ಗೆಳೆತನದ್ದು, ಸೇಡಿನದ್ದು. ಗಂಗಿ ಹಿಂದೆ ಸರಿದಿರುತ್ತಾಳೆ. ಸಂಗ್ಯಾನಿಗಾಗಿ ಮರುಗಿದ ಜನ ಅವಳ ಪಾಡು ಏನೆಂದು ಕೇಳದೆ ಹೊದಿಕೆ ಕೊಡವಿ ಮನೆಗೆ ಹೋಗುತ್ತಾರೆ.

ಕಂಬಾರರು ಈ ಕೊರತೆಯನ್ನು ಗಮನಿಸಿಯೇ ಇರಬೇಕು. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, 2010ರ ಜ್ಞಾನಪೀಠ ಪಡೆದ ಅವರು ಶಿವಾಪುರ ಎಂಬ ಊರನ್ನು ಕಟ್ಟಿಕೊಂಡು ಅರ್ಧ ಶತಮಾನ ಅಲ್ಲೇ ಬೀಡುಬಿಟ್ಟರು. 'ಕರಿಮಾಯಿ', 'ಸಿಂಗಾರೆವ್ವ ಮತ್ತು ಅರಮನೆ', 'ಚಕೋರಿ' ಮಹಾಕಾವ್ಯ, ಆ ಕಾವ್ಯದ ಪಾತ್ರವೊಂದನ್ನೇ ಬೆಳೆಸಿ ಬರೆದ 'ಶಿಖರಸೂರ್ಯ'. ಕಾಮ, ಮಾಟ, ವಿಷವಿದ್ಯೆ, ಯಕ್ಷಿ, ಕೊಳೆಯುತ್ತಿರುವ ಅರಮನೆ ಎಲ್ಲ ಅವರಲ್ಲಿವೆ. ಇಂಗ್ಲಿಷಿನ ಕಪ್ಪು ಫ್ಯಾಂಟಸಿಯ ಮುಂದೆ ಕನ್ನಡದವರು ತಲೆತಗ್ಗಿಸಬೇಕಿಲ್ಲ ಎನ್ನಲು ಈ ಸಾಲೇ ಸಾಕು. ಸಿಂಗಾರೆವ್ವನ ಕಥೆಯಲ್ಲಿ ಅವರು ಹೆಣ್ಣಿನ ಆಸೆಯನ್ನು ತೀರ್ಪಿಲ್ಲದೆ ಕೊನೆಯ ಪುಟದವರೆಗೆ ಒಯ್ದರು. 'ಶಿಖರಸೂರ್ಯ'ದಲ್ಲಿ ವಿದ್ಯೆ ಲೋಭಕ್ಕೆ ಮಾರಾಟವಾಗುವ ಕಥೆ ದೊಡ್ಡದಾಗಿ ಬೆಳೆದು ತಾಯಿದೇವತೆಯ ಊರು ಅದರ ಎದುರಿಗೆ ನಿಲ್ಲುತ್ತದೆ. ಮೊದಲನೆಯದೇ ನನಗೆ ಹೆಚ್ಚು ಪ್ರಿಯ.

ಬರೆಯದೇ ಇದ್ದವರ ಕೈಯಲ್ಲೂ ಕೊನೆಯ ಪಾಲು ಗಟ್ಟಿಯಾಗಿಯೇ ಇತ್ತು. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎ.ಕೆ. ರಾಮಾನುಜನ್ ಕಿತ್ತೂರು ಸೀಮೆಯಲ್ಲಿ ಹೆಂಗಸರ ಬಾಯಿಂದ ಕಥೆ ಬರೆದುಕೊಂಡರು. ಉತ್ತರ ಕರ್ನಾಟಕದ ಹಳ್ಳಿಯ ಹೆಂಗಸೊಬ್ಬಳು ಅವರಿಗೆ ಹೇಳಿದ ಕಥೆಯಲ್ಲಿ ಒಬ್ಬ ಹುಡುಗಿಗೆ ಹೆತ್ತ ಮಗನನ್ನೇ ಮದುವೆಯಾಗುವ ಹಣೆಬರಹ. ಎಷ್ಟು ತಪ್ಪಿಸಿಕೊಂಡರೂ ಅದೇ ಆಗುತ್ತದೆ, ತೊಟ್ಟಿಲ ಕೂಸಿಗೆ ಏನೆಂದು ಕರೆಯಲಿ ಎಂದು ಜೋಗುಳ ಹಾಡಿ ಅವಳು ಪ್ರಾಣ ಬಿಡುತ್ತಾಳೆ. ಗ್ರೀಕರ ಈಡಿಪಸ್ ಕಥೆಯಲ್ಲಿ ಮಗನೇ ನಾಯಕ, ಇಲ್ಲಿ ತಾಯಿ ಎಂಬುದನ್ನು ರಾಮಾನುಜನ್ ಎತ್ತಿ ತೋರಿಸಿದರು. ಕಥೆ ಹೇಳಿದ ಆ ಹೆಂಗಸು ಅದರ ಕೊನೆಯನ್ನು ಯಾರ ಕಣ್ಣಿನಿಂದ ಹೇಳಬೇಕೆಂದು ಚೆನ್ನಾಗಿ ಬಲ್ಲವಳಾಗಿದ್ದಳು. ರಾಮದುರ್ಗ ತಾಲ್ಲೂಕಿನ ಸುರೇಬಾನದ ಬಳಿಯ ಶಬರಿಕೊಳ್ಳದಲ್ಲಿ ಕಾಯ್ದು ಕೂತ ಮುದುಕಿಗೆ ಕೊನೆಗೂ ರಾಮ ಬಂದ. ಈ ಸೀಮೆಯ ಹೆಂಗಸರ ಕಥೆಗಳಲ್ಲಿ ಸುಖವಾಗಿ ಮುಗಿದದ್ದು ಅದೊಂದೇ ಇರಬೇಕು.

ಇಷ್ಟೆಲ್ಲ ಹೇಳಿ ಒಂದು ಮಾತು ನುಂಗಿದರೆ ಅನ್ಯಾಯವಾಗುತ್ತದೆ. ಗುಡ್ಡ ಮರೆಯಲಿಲ್ಲ ನಿಜ, ಆದರೆ ನೆನಪಿನ ಭಾರವನ್ನು ಬಡವರ ಹೆಣ್ಣುಮಕ್ಕಳ ಕೊರಳಿಗೆ ಕಟ್ಟಿತು. ತಲೆಯಲ್ಲಿ ಜಡೆ ಬಂತೆಂದು, ಮನೆಯಲ್ಲಿ ಗಂಡು ಹುಟ್ಟಲಿಲ್ಲವೆಂದು, ರೋಗ ಬಂತೆಂದು ಆರೇಳು ವರ್ಷದ ಹುಡುಗಿಯರಿಗೆ ಮುತ್ತು ಕಟ್ಟಿಸಿ ದೇವಿಯ ಹೆಸರಿಗೆ ದೇವದಾಸಿಯರಾಗಿ ಬಿಟ್ಟರು. ಆಮೇಲೆ ಅವಳ ಮೈ ಊರ ಉಳ್ಳವರದು. ಅವರಲ್ಲಿ ಬಹುಪಾಲು ದಲಿತರ ಮಕ್ಕಳು. 1934ರಲ್ಲಿ ಮುಂಬೈ ಸರ್ಕಾರ ಒಂದು ಕಾಯ್ದೆ ಮಾಡಿತ್ತು, 1982ರಲ್ಲಿ ಕರ್ನಾಟಕ ದೇವದಾಸಿ ಸಮರ್ಪಣೆಯನ್ನು ಪೂರ್ತಿ ನಿಷೇಧಿಸಿತು. ಆದರೂ 1993-94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ಮಂದಿ, 2007-08ರಲ್ಲಿ ಹೊಸದಾಗಿ 23,787 ಮಂದಿ ದೇವದಾಸಿಯರು ಲೆಕ್ಕಕ್ಕೆ ಸಿಕ್ಕರು. ದೇವಿಗೆ ಒಂದು ನೋಟಕ್ಕೆ ಶಾಪ ತಟ್ಟಿತ್ತು. ಇವರಿಗೆ ಶಾಪ ತಟ್ಟಲು ಯಾವ ನೋಟವೂ ಬೇಕಿರಲಿಲ್ಲ. ಮರಾಠಿಯ ರಾಜನ್ ಗವಸ್ ಈ ಬದುಕನ್ನು 'ಚೌಂಡಕ', 'ಭಂಡಾರಭೋಗ' ಕಾದಂಬರಿಗಳಲ್ಲಿ ಬರೆದರು, ಅದರಿಂದ 2009ರಲ್ಲಿ 'ಜೋಗವಾ' ಸಿನಿಮಾ ಬಂತು. ಅದರ ಜೋಗತ್ಯಾ ಸೀರೆ ಉಟ್ಟ ಗಂಡಸು. ತಲೆ ಕಡಿಯಲು ಒಪ್ಪದೆ ಶಾಪ ಹೊತ್ತ ಮಕ್ಕಳ ಪೀಳಿಗೆ ನಾವು ಎಂದು ಹೇಳಿಕೊಳ್ಳುವ, ಹಾಗೆಯೇ ಸೀರೆ ಉಟ್ಟ ಜೋಗಪ್ಪಗಳಿದ್ದಾರೆ. ಅವರ ಲೆಕ್ಕದಲ್ಲಿ ಕಥೆಯ ನಾಯಕ ಪರಶುರಾಮನಲ್ಲ, ಕೊಡಲಿ ಮುಟ್ಟದೆ ನಿಂತ ಆ ನಾಲ್ವರು. ಇಷ್ಟು ದೊಡ್ಡ ತಿರುವು ಯಾವ ಕಾದಂಬರಿಕಾರನಿಗೂ ಹೊಳೆಯಲಿಲ್ಲವಲ್ಲ!

ಹಾಗೆ ನೋಡಿದರೆ ಮೂರನೆಯ ಸಂಪುಟವನ್ನು ಈಗ ಬರೆಯುತ್ತಿರುವವರು ಬೇರೆಯೇ. ಏಳನೆಯ ವಯಸ್ಸಿಗೆ ದೇವದಾಸಿಯಾದ ಸೀತವ್ವ ಜೋಡಟ್ಟಿ, ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರೇ ನಡೆಸುವ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಮುನ್ನಡೆಸಿ, ಮುತ್ತು ಕಟ್ಟುವುದನ್ನು ತಡೆಯಲು ಊರೂರು ತಿರುಗಿದರು. 2018ರಲ್ಲಿ ಪದ್ಮಶ್ರೀ ಬಂತು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ರೇಣುಕೆಯ ಕಥೆಯನ್ನೇ ಕುಣಿದು, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪಡೆದರು. ಒಬ್ಬರು ಮುತ್ತು ಕಳಚಿದರು, ಒಬ್ಬರು ಜಗ ಇಳಿಸಲಿಲ್ಲ. ಎಲ್ಲಮ್ಮನ ಕಥೆಯನ್ನು ಬಿಟ್ಟುಬಿಡಬೇಕೆನ್ನುವವರಿಗೂ ಇದ್ದ ಹಾಗೇ ಇಟ್ಟುಕೊಳ್ಳಬೇಕೆನ್ನುವವರಿಗೂ ಇಬ್ಬರ ಬದುಕೂ ಉತ್ತರ ಕೊಡುತ್ತದೆ.

ಮುಂದಿನ ಭಾರತ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವವರಿಗೆ ಒಂದು ವಿನಂತಿ. ದರ್ಶನ ಮುಗಿಸಿ, ಭಂಡಾರ ಹಚ್ಚಿಕೊಂಡು, ಬಸ್ಸಿಗೆ ಓಡಬೇಡಿ. ಬಯಲಲ್ಲಿ ಎಲ್ಲಾದರೂ ಚೌಡಿಕೆ ಕೇಳಿದರೆ ಹೋಗಿ ಕೂತುಕೊಳ್ಳಿ. ಕೊಡಲಿ ಎದ್ದ ಕೂಡಲೇ ಹೆಚ್ಚಿನವರು ಎದ್ದು ಹೋಗುತ್ತಾರೆ. ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಇನ್ನೂ ಒಂದು ತಾಸು ಕೂತಿರಿ. ಹಾಡು ಮುಗಿದ ಮೇಲೆ ಹಾಡಿದವಳಿಗೆ ಬರೇ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಏಳಬೇಡಿ.